ಸಿಸ್ಟರ್ ಮೇಲೆ ವರ್ಷ ವರ್ಷ ಬರುವ ದೂರು

ಮುಚ್ಚಿದ ಪಾತ್ರೆ ಕಂಡರೆ ಮುಚ್ಚಳ ತೆಗೆದು ನೋಡದೆ ನನಗೆ ಸಮಾಧಾನವಿಲ್ಲ. ಚಿಕ್ಕಂದಿನಲ್ಲಿ ಮಾನ್ವಿಯ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ ಮೊದಲು ಒಲೆಯ ಮೇಲೇನಿದೆ ಎಂದು ಇಣುಕುತ್ತಿದ್ದೆ. ‘ಇದರ ಮೂಗು ಇದಕ್ಕಿಂತ ಮುಂದ ಹೋಗತದ’ ಎಂದು ಅವ್ವ ಬೈಯುತ್ತಿದ್ದಳು. ಆ ಮೂಗಿಗೆ ತಕ್ಕ ನೌಕರಿಯೇ ಸಿಕ್ಕಿತು ಅನ್ನಿ. ರಾಯಚೂರಿನ ಒಂದು ಕಚೇರಿಯಲ್ಲಿ ಕೂತು, ಯಾವ ಹಳ್ಳಿಯ ದವಾಖಾನೆಯಲ್ಲಿ ಯಾರಿದ್ದಾರೆ, ಯಾರಿಲ್ಲ, ಇಲ್ಲದವರು ಎಲ್ಲಿ ಹೋದರು ಎಂದು ವಿಚಾರಿಸುವುದು ನನ್ನ ಕೆಲಸ. ನಾನೂ ಗುತ್ತಿಗೆಯವಳೇ. ಮಾರ್ಚ್ ಬಂತೆಂದರೆ ಉಳಿದವರ ನೌಕರಿಯ ಜೊತೆಗೆ ನನ್ನದೂ ತೂಗಾಡುತ್ತದೆ.

ಹೊಸತರಲ್ಲಿ ನನಗೆ ಒಂದು ಸಂಗತಿ ಎಷ್ಟು ಯೋಚಿಸಿದರೂ ತಿಳಿಯುತ್ತಿರಲಿಲ್ಲ. ದವಾಖಾನೆಯ ಕಟ್ಟಡಕ್ಕೆ ದುಡ್ಡು ಬರುತ್ತದೆ. ಬಣ್ಣಕ್ಕೆ ಬರುತ್ತದೆ, ಮಂಚಕ್ಕೆ ಬರುತ್ತದೆ, ಗೋಡೆಯ ಮೇಲೆ ನಗುವ ತಾಯಿ ಮಗುವಿನ ಚಿತ್ರ ಬರೆಸುವುದಕ್ಕೂ ಬರುತ್ತದೆ. ಆ ಗೋಡೆಯೊಳಗೆ ಕೂರುವ ಮನುಷ್ಯರಿಗೆ ಮಾತ್ರ ಬರುವುದಿಲ್ಲ. ಬಂದರೂ ಗುತ್ತಿಗೆಯ ಲೆಕ್ಕದಲ್ಲಿ ಬರುತ್ತದೆ, ತಡವಾಗಿ ಬರುತ್ತದೆ. ಹೀಗಾಗಿ ಒಬ್ಬ ಡಾಕ್ಟರು ಮೂರು ಊರುಗಳ ಪ್ರಭಾರ ಹೊತ್ತು ಜೀಪಿನಲ್ಲೇ ಸಂಸಾರ ಮಾಡುತ್ತಾರೆ. ಎಲ್ಲಾದರೂ ಹೆಚ್ಚು ತೊಂದರೆಯಾದರೆ ಮತ್ತೊಂದು ಕಡೆಯಿಂದ ಒಬ್ಬರನ್ನು ಕಿತ್ತು ಅಲ್ಲಿಗೆ ಹಾಕುತ್ತೇವೆ. ಅದಕ್ಕೆ ನಮ್ಮಲ್ಲಿ ನಿಯೋಜನೆ ಅನ್ನುತ್ತಾರೆ. ಕೌದಿ ಗಿಡ್ಡದು, ತಲೆ ಮುಚ್ಚಿದರೆ ಕಾಲು ಬಯಲು.

ಇದರಲ್ಲಿ ಇನ್ನೊಂದು ತಮಾಷೆ ಇದೆ. ನಿಯೋಜನೆಗೆ ಯಾರನ್ನು ಕೇಳುತ್ತಾರೆ? ಕೆಲಸ ಬರುವವರನ್ನು. ಕೆಲಸಗಳ್ಳರನ್ನು ಯಾವ ಆಸ್ಪತ್ರೆಯೂ ‘ನಮಗೆ ಕೊಡಿ’ ಎಂದು ಕೇಳಿದ್ದು ನಾನು ಕಂಡಿಲ್ಲ. ಹೆಸರು ಮಾಡಿದವರು ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಏರುತ್ತಾ ಹೋಗುತ್ತಾರೆ. ಹಳ್ಳಿಗೆ ಉಳಿಯುವುದು ಖಾಲಿ ಕುರ್ಚಿ ಮತ್ತು ಹೊಸ ಬಣ್ಣ.

ಈಗ ದೂರಿನ ಮಾತಿಗೆ ಬರುತ್ತೇನೆ. ದೇವದುರ್ಗದಲ್ಲಿ ವರ್ಷಕ್ಕೊಮ್ಮೆಯಾದರೂ ಅಹವಾಲು ಕೇಳುವ ಸಭೆ ನಡೆಯುತ್ತದೆ. ಜನ ಎದ್ದು ನಿಂತು ಬಾಯಿಬಿಟ್ಟು ತಮ್ಮ ತೊಂದರೆ ಹೇಳಬಹುದು. ನಮ್ಮ ಕಚೇರಿಗೆ ಹೊಸ ಸಾಹೇಬರು ಬಂದ ವರ್ಷ ಅವರ ಹಿಂದೆ ಕುರ್ಚಿ ಹಾಕಿಕೊಂಡು ನಾನೂ ಕೂತಿದ್ದೆ. ತಾಲ್ಲೂಕಿನ ಒಂದು ಹಳ್ಳಿಯ ಹೆಂಗಸರ ಗುಂಪು ಎದ್ದಿತು. ಮುಂದೆ ನಿಂತವಳು ಒಬ್ಬ ಮುದುಕಿ. ದಪ್ಪ ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಕೈಯಲ್ಲಿ ಕುಡಿದು ಖಾಲಿ ಮಾಡಿದ ನೀರಿನ ಬಾಟಲಿ.

‘ನಮ್ಮೂರ ದವಾಖಾನಿ ಸಿಸ್ಟರ್ ಬಾಯಿ ಭಾಳ ಜೋರ್ ಅದರೀ. ಬಾಣಂತ್ಯಾರನ್ನ ಬೈತಾಳ, ಅತ್ತ್ಯಾರನ್ನ ಬೈತಾಳ. ಏನೂ ಉಪಯೋಗಿಲ್ಲರೀ ಆಕಿ’ ಎಂದಳು. ಹಿಂದಿದ್ದವರೆಲ್ಲ ಹೌದ್ರೀ, ಹೌದ್ರೀ ಅಂದರು.

ವಿಚಾರಿಸಿದರೆ ಇದೇ ದೂರು ಇದೇ ಸಿಸ್ಟರ್ ಮೇಲೆ ವರ್ಷ ವರ್ಷವೂ ಬಂದಿತ್ತು. ಹಿಂದಿನ ಸಾಹೇಬರು ಕಿವಿಗೆ ಹಾಕಿಕೊಂಡಿರಲಿಲ್ಲ. ಹೊಸಬರು ಹಾಗಲ್ಲ. ಮರುದಿನವೇ ನನ್ನನ್ನು ಕರೆದು, ‘ಹೋಗಿ ನೋಡಿ ಬರ್ರಿ. ದೂರು ಖರೆ ಇತ್ತಂದ್ರ ಈ ಸಲ ಆಕಿ ಗುತ್ತಿಗಿ ಮುಂದುವರಸೂದು ಬ್ಯಾಡ’ ಎಂದರು. ಆ ಸಿಸ್ಟರ್ ಹೋದರೆ ಆ ಊರಿನ ಹೆರಿಗೆ ಕೋಣೆಗೆ ಬೀಗ ಬೀಳುವುದು ಖಂಡಿತ, ಏಕೆಂದರೆ ಬದಲಿಗೆ ಕಳಿಸಲು ಯಾರೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನ್ನ ಮೂಗಿಗೆ ಮಾತ್ರ ಬೇರೆಯೇ ವಾಸನೆ ಬಡಿದಿತ್ತು. ದವಾಖಾನೆಯ ಮೇಲಿನ ದೂರುಗಳ ರುಚಿ ನನಗೆ ಗೊತ್ತು. ಸಿಸ್ಟರ್ ಬರುವುದೇ ಇಲ್ಲ, ಬಂದರೆ ದುಡ್ಡು ಕೇಳುತ್ತಾಳೆ, ಗುಳಿಗೆ ಹೊರಗೆ ತರಿಸುತ್ತಾಳೆ. ಇಲ್ಲಿ ಅಂಥದ್ದೊಂದೂ ಇಲ್ಲ. ಬರೀ ಬಾಯಿ ಜೋರು. ಅಷ್ಟಕ್ಕಾಗಿ ಮೆಣಸಿನಕಾಯಿ ಸುಗ್ಗಿಯಲ್ಲಿ ಕೂಲಿ ಬಿಟ್ಟು ಇಷ್ಟು ಹೆಂಗಸರು ದೇವದುರ್ಗಕ್ಕೆ ಬರುತ್ತಾರೆಯೇ?

ಗಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ, ಮುಂದೆ ಟಂಟಂ ಆಟೋ ಹಿಡಿದು ಆ ಊರು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ದವಾಖಾನೆ ಹೊಚ್ಚ ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು. ಡಾಕ್ಟರ ಕೋಣೆಯಲ್ಲಿ ಕುರ್ಚಿಯ ಮೇಲೆ ಒಂದು ಬೆಕ್ಕು ಮಲಗಿತ್ತು. ಡಾಕ್ಟರು ಆ ದಿನ ಬೇರೆ ಊರಿನಲ್ಲಿದ್ದರು. ಒಳಗಿನಿಂದ ಹೆಂಗಸಿನ ದನಿ ಕೇಳಿಸಿತು, ಜೋರು ಅಂದರೆ ಜೋರು.

‘ಬಾಣಂತಿಗೆ ನೀರ್ ಕೊಡಬಾರದು ಅಂತ ಯಾವ್ ದೇವ್ರು ಬಂದು ನಿನ್ ಕಿವ್ಯಾಗ ಹೇಳ್ಯಾನ? ಆಕಿ ಬಾಯಿ ಒಣಗಿಸಿದ್ರ ಕೂಸಿಗೆ ಹಾಲ್ ಎಲ್ಲಿಂದ ಬರ್ತಾವ? ಹಾಕು ನೀರ. ನನ್ನ ಮುಂದ ಹಾಕು.’

ಬಾಗಿಲಲ್ಲಿ ನಿಂತು ನೋಡಿದೆ. ಮಂಚದ ಮೇಲೆ ಎಳೆ ಬಾಣಂತಿ, ಮಗ್ಗುಲಲ್ಲಿ ಕೆಂಪಗಿನ ಕೂಸು. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಸಿಸ್ಟರಿಗೆ ಮೂವತ್ತರ ಆಸುಪಾಸು. ಅವಳ ಎದುರು ತಂಬಿಗೆ ಹಿಡಿದು ತಲೆ ತಗ್ಗಿಸಿ, ಶಾಲೆಗೆ ತಡವಾಗಿ ಬಂದ ಹುಡುಗಿಯ ಹಾಗೆ ಸೊಸೆಯ ಬಾಯಿಗೆ ನೀರು ಹಿಡಿಯುತ್ತಿದ್ದವಳು ದೇವದುರ್ಗದ ಅದೇ ಮುದುಕಿ. ನನ್ನನ್ನು ಕಂಡದ್ದೇ ತಡ, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಟೇಹೋದಳು.

ಏನೂ ಉಪಯೋಗವಿಲ್ಲದ ಸಿಸ್ಟರ ಕೈಯಲ್ಲೇ ಸೊಸೆಯ ಹೆರಿಗೆ ಮಾಡಿಸಿದ್ದಾಳೆ. ನನ್ನ ಕುತೂಹಲಕ್ಕೆ ಇನ್ನು ಲಗಾಮಿರಲಿಲ್ಲ.

ಸಿಸ್ಟರಿಗೆ ನಾನು ಯಾರೆಂದು ಹೇಳಿದೆ. ಅವಳು ಅಚ್ಚರಿಪಡಲಿಲ್ಲ. ‘ಬರ್ರಿ ಮೇಡಂ, ಚಾ ಕುಡೀರಿ’ ಎಂದು ದವಾಖಾನೆಯ ಹಿಂದಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಸಿಬ್ಬಂದಿಗೆಂದು ಕಟ್ಟಿದ ಮನೆಗಳಲ್ಲಿ ಜನವಿದ್ದದ್ದು ಅದೊಂದರಲ್ಲೇ. ಉಳಿದವುಗಳ ಬೀಗಕ್ಕೂ ತುಕ್ಕು ಹಿಡಿದಿತ್ತು. ಅವಳ ತಂದೆಯದು ರಾಯಚೂರಿನ ಬಜಾರಿನಲ್ಲಿ ಬಳೆ ಅಂಗಡಿ. ಮನೆಮಾತು ದಖ್ಖನಿ ಉರ್ದು. ಊರಿಗೆ ಬಂದ ಹೊಸತರಲ್ಲಿ ಹಳ್ಳಿಯ ಕನ್ನಡ ಅರ್ಧ ತಿಳಿಯುತ್ತಿರಲಿಲ್ಲವಂತೆ, ಈಗ ಅದರಲ್ಲೇ ಬೈಯುತ್ತಾಳೆ. ಚಹಾ ಸೋಸುತ್ತಿದ್ದ ಅವಳ ಬೆನ್ನ ಹಿಂದೆ ಗೋಡೆಗೆ ಒಂದು ದೊಡ್ಡ ಟ್ರಂಕು ಆನಿಸಿತ್ತು, ಹಗ್ಗ ಬಿಗಿದು ಕಟ್ಟಿತ್ತು.

‘ಊರಿಗೆ ಹೊಂಟೀರೇನು?’ ಎಂದು ಕೇಳಿದೆ.

‘ನೀವು ನನ್ನ ತಗೀಬೇಕಂತ ಇಲ್ರೀ ಮೇಡಂ. ನಾನ ಹೋಗಾಕತ್ತೀನಿ’ ಎಂದಳು. ‘ರಾಯಚೂರಾಗ ಖಾಸಗಿ ಆಸ್ಪತ್ರ್ಯಾಗ ಕರದಾರ. ತಿಂಗಳಾ ತಿಂಗಳಾ ಸರಿಯಾಗಿ ಪಗಾರ ಕೊಡ್ತಾರ. ಮನೀ ಊಟ.’

‘ಪಗಾರದ ಸಲುವಾಗಿ ಹೊಂಟೀರಿ?’

ಅವಳು ಲೋಟ ನನ್ನ ಕೈಗಿಟ್ಟು ನೆಲದ ಮೇಲೆ ಕೂತಳು. ಆ ಜೋರು ಬಾಯಿ ಎಲ್ಲಿ ಹೋಯಿತೋ ಗೊತ್ತಿಲ್ಲ. ‘ಪಗಾರ ತಡ ಆದ್ರ ನಮ್ಮ ಅಬ್ಬಾ ಕೊಡ್ತಾರ್ರೀ. ಅದಲ್ಲ. ನೋವ್ ಬಂದಾಗ ನನ್ ಕೈ ಬಿಡಂಗಿಲ್ಲ ಇವ್ರು. ಕೂಸ್ ಹುಟ್ಟಿದ ಮ್ಯಾಲ ದೇವದುರ್ಗಕ್ಕ ಹೋಗಿ ಎಲ್ಲಾರ ಮುಂದ ನಿಂತು, ಏನೂ ಉಪಯೋಗಿಲ್ಲ ಅಂತಾರ. ಪ್ರತಿ ವರ್ಷ. ಬ್ಯಾಡಾದವರ ಮನ್ಯಾಗ ಎಷ್ಟ್ ದಿನ ಇರಬೇಕ್ರಿ ಮೇಡಂ? ಇಷ್ಟ್ ವರ್ಷದಾಗ ಒಬ್ರೂ, ಒಂದ್ ಸಲಾನೂ, ಚಲೋ ಮಾಡಿದಿ ಅಂದಿಲ್ಲ.’

ಹೇಳುತ್ತಾ ಹೇಳುತ್ತಾ ಅಳತೊಡಗಿದಳು. ಅಳು ಕಂಡರೆ ನನಗೆ ಗಡಿಬಿಡಿ. ಚಹಾ ಬಿಸಿಯಿದ್ದರೂ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡೆ. ಜೊತೆಗೆ ಆ ಮುದುಕಿಯ ಮೇಲೆ ಸಿಟ್ಟೂ ಬಂತು. ಅವಳ ಮನೆ ಎಲ್ಲಿ ಎಂದು ಕೇಳಿಕೊಂಡು ಹೊರಟೆ.

ಆ ಊರಿನಲ್ಲಿ ಆಗ ಯಾರ ಅಂಗಳ ನೋಡಿದರೂ ಮೆಣಸಿನಕಾಯಿ. ಗಾಳಿಯೂ ಖಾರ. ಸೀನುತ್ತಾ ಸೀನುತ್ತಾ ಹೋದೆ. ಮುದುಕಿ ತನ್ನ ಅಂಗಳದಲ್ಲಿ ಕೆಂಪು ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ನಾನು ಬರುತ್ತೇನೆಂದು ಗೊತ್ತಿತ್ತೆಂದು ಕಾಣುತ್ತದೆ. ಪಕ್ಕದಲ್ಲೊಂದು ಮಣೆ ಇಟ್ಟುಕೊಂಡಿದ್ದಳು.

‘ಯವ್ವಾ, ಆ ಸಿಸ್ಟರ್ ನಿನಗ ಏನ್ ಅನ್ಯಾಯ ಮಾಡ್ಯಾಳ?’ ಎಂದೆ ಕೂರುತ್ತಲೇ.

‘ಹೇಳೀನಲ್ಲಬೇ. ಬಾಯಿ ಜೋರು.’

‘ಮತ್ತ ಸೊಸೀನ್ನ ಯಾಕ ಅಲ್ಲಿ ಮಲಗಿಸಿದಿ?’

ಮುದುಕಿ ಕೈ ನಿಲ್ಲಿಸಿ ನನ್ನನ್ನು ಅಳೆದಳು. ‘ನೀ ಯಾ ಊರಾಕಿ?’

‘ಮಾನ್ವಿ. ನಮ್ಮವ್ವ ಕಲ್ಲೂರು, ನೀರಮಾನ್ವಿ ತನಕಾ ಕಳೇವಿಗೆ ಹೊಕ್ಕಿದ್ಲು.’

ಕಳೆ ಕೀಳುವವಳ ಮಗಳೆಂದು ತಿಳಿದ ಮೇಲೆ ಅವಳ ದನಿ ಇಳಿಯಿತು. ಬಾಗಿಲ ಕಡೆ ಒಮ್ಮೆ ನೋಡಿ, ಮೊರವನ್ನು ಪಕ್ಕಕ್ಕೆ ಸರಿಸಿದಳು. ‘ಹಂಗಾರ ನಿನಗ ತಿಳೀತದ. ಮನ್ಯಾಗ ಒಂದು ಎಮ್ಮಿ ಅದ ಅಂತ ತಿಳಿ. ಎರಡೂ ಹೊತ್ತು ತಂಬಿಗಿ ತುಂಬ ಹಾಲ್ ಕೊಡತದ. ದಲ್ಲಾಳಿ ಬಾಗಲಿಗೆ ಬಂದು, ಹೆಂಗದ ನಿಮ್ಮೆಮ್ಮಿ ಅಂತ ಕೇಳ್ತಾನ. ಏನಂತಿ?’

ಈ ಪ್ರಶ್ನೆಗೆ ಉತ್ತರ ನಮ್ಮ ಕಡೆ ಮಕ್ಕಳಿಗೂ ಗೊತ್ತು. ‘ಒದೀತದ ಅಂತೀನಿ’ ಎಂದೆ.

‘ಹಾಂ’ ಎಂದಳು ಮುದುಕಿ, ಮತ್ತೆ ತೊಟ್ಟು ಬಿಡಿಸತೊಡಗಿದಳು.

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಈ ಸಿಸ್ಟರಿಗಿಂತ ಮೊದಲು ಇನ್ನೊಬ್ಬಳು ಇದ್ದಳು. ಅವಳೂ ಒಳ್ಳೆಯವಳೇ. ಊರವರು ಸಂತೋಷಪಟ್ಟು ಒಂದು ದಿನ ಪೆಂಡಾಲು ಹಾಕಿ ಸನ್ಮಾನ ಮಾಡಿದರು. ‘ಶಾಲ್ ಹೊದಿಸಿದ್ವಿ, ಹಾರ ಹಾಕಿದ್ವಿ, ಉಡಿ ತುಂಬಿದ್ವಿ. ದೇವದುರ್ಗದಿಂದ ದೊಡ್ಡವರು ಬಂದಿದ್ರು. ನಮ್ಮ ಸಿಸ್ಟರ್ ಬಂಗಾರ ಅಂತ ಮೈಕಿನ್ಯಾಗ ಹೇಳಿದ್ವಿ. ಬಂಗಾರ ಅಂದ ಮ್ಯಾಲ ಯಾರ್ ಬಿಡ್ತಾರಬೇ? ಹೊತ್ಕೊಂಡ್ ಹೋದ್ರು.’

ಹೊತ್ತುಕೊಂಡು ಹೋದದ್ದು ರಾಯಚೂರಿನ ದೊಡ್ಡ ಆಸ್ಪತ್ರೆಗೆ, ನಿಯೋಜನೆಯ ಮೇಲೆ. ಹೆರಿಗೆ ಕೋಣೆಗೆ ಬೀಗ ಬಿತ್ತು. ಅದೇ ಮಳೆಗಾಲದಲ್ಲಿ ಈ ಮುದುಕಿಯ ಸೊಸೆಗೆ ಮೊದಲ ಹೆರಿಗೆಯ ನೋವು ಬಂತು. ದೇವದುರ್ಗಕ್ಕೆಂದು ಟಂಟಂನಲ್ಲಿ ಹಾಕಿಕೊಂಡು ಹೊರಟರು. ದಾರಿಯಲ್ಲೇ ಹೆರಿಗೆಯಾಯಿತು.

‘ಗಂಡ್ ಕೂಸು’ ಎಂದಳು. ‘ಉಳೀಲಿಲ್ಲ.’

ಅವಳು ಅಳಲಿಲ್ಲ. ಮೆಣಸಿನಕಾಯಿಯೊಂದನ್ನು ಎತ್ತಿ, ಕೆಟ್ಟಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿ ಬೇರೆ ಹಾಕಿದಳು. ಬಹಳ ದಿನದ ಮೇಲೆ ಈ ಸಿಸ್ಟರ್ ಬಂದಾಗ ಹೆಂಗಸರೆಲ್ಲ ನೀರಿನ ಟಾಕಿಯ ಹತ್ತಿರ ಕೂಡಿ ಮಾತಾಡಿಕೊಂಡರಂತೆ. ಇವಳನ್ನು ಯಾರೂ ಹೊಗಳಬಾರದು, ಊರೊಳಗೂ ಬೇಡ, ಹೊರಗಂತೂ ಬೇಡವೇ ಬೇಡ. ದೃಷ್ಟಿಯಾಗುತ್ತದೆ, ಅದೂ ಎಂಥ ದೃಷ್ಟಿ, ಕಚೇರಿಯ ದೃಷ್ಟಿ. ವರ್ಷಕ್ಕೊಮ್ಮೆ ದೇವದುರ್ಗಕ್ಕೆ ಹೋಗಿ ಒದೆಯುತ್ತಾಳೆ ಎಂದು ಹೇಳಿ ಬಂದರೆ ಯಾರೂ ಕೇಳಿಕೊಂಡು ಬರುವುದಿಲ್ಲ.

ನಾನು ಜೋರಾಗಿ ನಕ್ಕುಬಿಟ್ಟೆ. ಜಿಲ್ಲೆಯ ಖಾಲಿ ಕುರ್ಚಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ನಾನು, ಒಂದು ಕುರ್ಚಿ ಯಾಕೆ ಖಾಲಿಯಾಗಿಲ್ಲ ಎಂದು ಎಂದೂ ಕೇಳಿರಲಿಲ್ಲ. ನಮ್ಮ ಕಚೇರಿಯ ನಾಡಿ ಹಿಡಿದು ಕೂತಿದ್ದರು ಈ ಹೆಂಗಸರು. ಆದರೆ ಎರಡು ಲೆಕ್ಕ ಅವರಿಗೆ ತಪ್ಪಿದ್ದವು. ಹೊಸ ಸಾಹೇಬರು ದೂರನ್ನು ನಿಜವೆಂದು ನಂಬುವ ಜಾತಿಯವರು, ಅದು ಒಂದು. ಇನ್ನೊಂದನ್ನು ನಗು ನುಂಗಿಕೊಂಡು ಹೇಳಬೇಕಾಯಿತು.

‘ಯವ್ವಾ, ನಿಮ್ಮೆಮ್ಮಿ ಕಣ್ಣಿ ಹರಕೊಂಡು ಹೊಂಟದ. ಟ್ರಂಕ್ ಕಟ್ಟ್ಯಾಳ. ಊರಿಗೆ ನಾ ಬ್ಯಾಡಾಗೀನಿ ಅಂತ ಅಳಾಕತ್ಯಾಳ.’

ಮುದುಕಿಯ ಕೈಯಿಂದ ಕಾಯಿ ಬಿತ್ತು. ‘ಆಕಿಗೆ ಗೊತ್ತಿಲ್ಲೇನು?’ ಎಂದಳು, ನಿಜವಾಗಿಯೂ ಗಾಬರಿಯಾಗಿ. ಸಿಸ್ಟರಿಗೆ ಹೇಳಬೇಕೆಂದು ಆ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಂಥದ್ದನ್ನು ಯಾರಾದರೂ ಹೇಳಿಕೊಡುತ್ತಾರೆಯೇ ಎಂದು ಅವರ ಭಾವನೆ. ಬಜಾರಿನಲ್ಲಿ ಬೆಳೆದವಳಿಗೆ ಎಮ್ಮೆಯ ಮಾತು ಹೇಗೆ ಗೊತ್ತಾಗಬೇಕು? ಅವರಲ್ಲಿ ಮಾರುವ ಬಳೆಯನ್ನು ಹೊಗಳಿಯೇ ಮಾರಬೇಕು.

ಮುದುಕಿ ಎದ್ದಳು. ಬಚ್ಚಲಿಗೆ ಹೋಗಿ ಕೈಗೆ ಬೂದಿ ತಿಕ್ಕಿ, ಸಬೂನು ತಿಕ್ಕಿ, ಮತ್ತೆ ಬೂದಿ ತಿಕ್ಕಿ ತೊಳೆದುಕೊಂಡಳು. ಯಾಕಿಷ್ಟು ತೊಳೆಯುತ್ತಿದ್ದಾಳೆಂದು ನನಗೆ ಆಗ ತಿಳಿಯಲಿಲ್ಲ. ದಾರಿಯುದ್ದಕ್ಕೂ ಓಡಿದ ಹಾಗೆ ನಡೆದಳು.

ಸಿಸ್ಟರ್ ಮನೆಯ ಬಾಗಿಲಲ್ಲೇ ನಿಂತಿದ್ದಳು. ಮುದುಕಿ ಟ್ರಂಕಿನ ಕಡೆ ನೋಡಿದಳು, ಹಗ್ಗದ ಕಡೆ ನೋಡಿದಳು. ನಾನು ಎಮ್ಮೆ, ದಲ್ಲಾಳಿ, ಶಾಲು, ಹಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಸಿಸ್ಟರ್ ಕೇಳಿಸಿಕೊಂಡಳು, ನಂಬಲಿಲ್ಲ. ‘ಹಂಗಿದ್ರ ನನ್ ಮುಂದಾದ್ರೂ ಒಂದ್ ಮಾತು ಅನ್ನಬಹುದಿತ್ತಲ್ಲ. ಬಾಗಲಾ ಹಾಕ್ಕೊಂಡ್ ಹೇಳಬಹುದಿತ್ತಲ್ಲ’ ಎಂದಳು ಮುದುಕಿಗೆ.

ಮುದುಕಿ ಹತ್ತಿರ ಹೋದಳು. ‘ನಿಮ್ಮವ್ವ ನಿನ್ ಮುಂದ ನಿಂತು ಎಂದಾರ ನೀ ಚಲೋ ಅದೀ ಅಂದಾಳೇನು?’

ಸಿಸ್ಟರ್ ಯೋಚಿಸಿದಳು. ಅವಳು ಯೋಚಿಸುವುದನ್ನು ನಾನು ನೋಡುತ್ತಿದ್ದೆ, ನನಗೆ ತಿಳಿಯದೆ ನಾನೂ ಯೋಚಿಸತೊಡಗಿದ್ದೆ.

‘ನಮ್ಮ ಅಮ್ಮೀ?’ ಎಂದಳು ಕೊನೆಗೆ. ‘ಇಲ್ಲ. ನರ್ಸಿಂಗ್ ಪಾಸಾದ ದಿನಾನೂ, ರೊಟ್ಟಿ ಬಡಿಯೂದು ಯಾವಾಗ ಕಲೀತಿ ಅಂದ್ಲು.’

‘ಮತ್ತ?’ ಎಂದಳು ಮುದುಕಿ.

ಅಷ್ಟೇ. ಆಮೇಲೆ ಎರಡೂ ಕೈಗಳಿಂದ ಸಿಸ್ಟರ ಮುಖವನ್ನು ಮೇಲಿನಿಂದ ಕೆಳಗೆ ಸವರಿ, ಆ ಕೈಗಳನ್ನು ತನ್ನ ಹಣೆಯ ಇಕ್ಕೆಲಕ್ಕೆ ಒತ್ತಿ ಲಟಲಟನೆ ಲಟಿಕೆ ಮುರಿದಳು. ಕೈ ತೊಳೆದದ್ದು ಇದಕ್ಕೆ. ಸಿಸ್ಟರ್ ಕಣ್ಣರಳಿಸಿದಳು. ‘ನಮ್ಮ ದಾದೀನೂ, ಅಬ್ಬಾನ ಅವ್ವ, ಹಿಂಗ ಮಾಡ್ತಿದ್ಲು. ಬಲಾ ತಗೊಳ್ಳೂದು ಅಂತಾರ ನಮ್ಮಲ್ಲಿ, ನಿನ್ ಕೇಡು ನನಗ ಬರ್ಲಿ ಅಂತ’ ಎಂದಳು. ಯಾರ ಮೇಲೆ ಜೀವವಿದೆಯೋ ಅವರಿಗಷ್ಟೇ ಅದನ್ನು ಮಾಡುತ್ತಾರೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳ ಕಣ್ಣಲ್ಲಿ ಧಾರಾಕಾರ ನೀರು ಬಂತು. ಮರುಗಳಿಗೆಯಲ್ಲಿ ಅವಳು ಎರಡೂ ಕಣ್ಣು ಮುಚ್ಚಿಕೊಂಡು ಕಿರುಚಿದಳು.

‘ಖಾರ, ಖಾರ! ಏನ್ ಕೈ ಇದು? ಇದೇ ಕೈಲೆ ಹೋಗಿ ಮೊಮ್ಮಗಳನ್ನ ಎತ್ತಿಕೊಂಡಿ ಅಂದ್ರ ನೋಡು ಮತ್ತ, ದವಾಖಾನಿ ಮೆಟ್ಟಲಾ ಹತ್ತಿಸಂಗಿಲ್ಲ ನಿನ್ನ!’

ಮುದುಕಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ಅಂಥ ಸಂತೋಷ. ‘ನಾ ಹೇಳಿಲ್ಲೇನು? ಬಾಯಿ ಜೋರು.’

ಸಂಜೆ ಸಿರವಾರದ ಮೇಲೆ ಮಾನ್ವಿಗೆ ಹೋದೆ. ಅಣ್ಣನ ಮನೆಯಲ್ಲಿ ಅವ್ವ ಪುಂಡಿಪಲ್ಯ ಮಾಡಿಟ್ಟಿದ್ದಳು. ವರದಿ ಬರೆಯಬೇಕಿತ್ತು, ಹೇಗೆ ಬರೆದರೂ ಕೆಡುಕಾಗುತ್ತಿತ್ತು. ದೂರು ನಿಜ ಅಂದರೆ ಗುತ್ತಿಗೆ ಹೋಗುತ್ತದೆ. ದೂರು ಸುಳ್ಳು, ಸಿಸ್ಟರ್ ಬಂಗಾರ ಅಂದರೆ ತಾಲ್ಲೂಕು ಆಸ್ಪತ್ರೆಯವರು ಕೈಚಾಚಿ ಕಾಯುತ್ತಿದ್ದಾರೆ. ಕುರ್ಚಿಗೊಬ್ಬ ಮನುಷ್ಯನಿದ್ದಿದ್ದರೆ ಒಳ್ಳೆಯವಳನ್ನು ಒಳ್ಳೆಯವಳೆಂದು ಬರೆದು ಹಾಯಾಗಿ ಉಣ್ಣಬಹುದಿತ್ತು. ನನಗೆ ಯಾರ ಮೇಲೋ ಗೊತ್ತಿಲ್ಲದ ಸಿಟ್ಟು ಬಂದು ರೊಟ್ಟಿ ಮುರಿಯುತ್ತಾ ಕೂತೆ. ಅವ್ವನಿಗೆ ಎಲ್ಲ ಹೇಳಿದೆ.

‘ಇದಕ್ಯಾಕ ಇಷ್ಟು ಚಿಂತಿ? ಸುಮಾರ್ ಅದಾಳ ಅಂತ ಬರಿ’ ಎಂದಳು ಅವ್ವ. ‘ಸುಮಾರ್ ಇದ್ದವರನ್ನ ಯಾರೂ ಬಿಡಸಂಗಿಲ್ಲ, ಯಾರೂ ಒಯ್ಯಂಗಿಲ್ಲ.’

‘ಯವ್ವಾ’ ಎಂದೆ ಪಲ್ಯ ಹಾಕಿಸಿಕೊಳ್ಳುತ್ತಾ, ‘ನಾ ಚಲೋ ಅದೀನೇನು?’

ಅವ್ವ ಸೌಟು ಹಿಡಿದು ನಿಂತಳು. ‘ಯಾಕ, ಆರಾಮಿಲ್ಲೇನು?’ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಕೆಲಸ ಸಾಧಾರಣ, ದೂರು ಗಂಭೀರವಲ್ಲ, ಮುಂದುವರಿಸಬಹುದು ಎಂದು ಬರೆದೆ. ನಾನು ಕಂಡ ಅತ್ಯುತ್ತಮ ಸಿಸ್ಟರ ಬಗ್ಗೆ ಆ ಸಾಧಾರಣ ಎಂಬ ಪದವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ಸಾಹೇಬರು ಓದಿ, ‘ಸಾಧಾರಣ ಅಂದ್ರ ಇರ್ಲಿ ಬಿಡ್ರಿ, ಅಲ್ಲೇ ಇರ್ಲಿ’ ಎಂದು ಸಹಿ ಹಾಕಿದರು. ಟ್ರಂಕಿನ ಹಗ್ಗ ಬಿಚ್ಚಿ ಅಂಗಳಕ್ಕೆ ಬಟ್ಟೆ ಒಣಗಿಸಲು ಕಟ್ಟಿದ್ದೇನೆಂದು ಸಿಸ್ಟರ್ ಫೋನಿನಲ್ಲಿ ಹೇಳಿದಳು.

ಮರುವರ್ಷ ಮೆಣಸಿನಕಾಯಿ ಸುಗ್ಗಿಯಲ್ಲಿ ಅವಳ ಫೋನು ಮತ್ತೆ ಬಂತು. ಆರೋಗ್ಯ, ಬಿಸಿಲು, ಇನ್ನೂ ಬಾರದ ಪಗಾರ ಎಲ್ಲ ಮಾತಾಡಿದ ಮೇಲೆ ಕೇಳಿದಳು.

‘ಮೇಡಂ, ಈ ವರ್ಷ ನನ್ ಮ್ಯಾಲ ದೂರು ಬಂತೇನ್ರಿ?’

‘ಇನ್ನೂ ಇಲ್ಲ’ ಎಂದೆ.

ಅವಳು ಸಣ್ಣ ದನಿಯಲ್ಲಿ, ‘ಯಾಕ್ರೀ? ನಾ ಏನರೆ ತಪ್ಪ್ ಮಾಡೀನೇನು?’ ಎಂದಳು.

ಸಭೆ ಇರುವುದೇ ಮುಂದಿನ ವಾರ ಎಂದು ನಾನು ಹೇಳುವಷ್ಟರಲ್ಲಿ ಅವಳ ಹಿಂದಿನಿಂದ ಮುದುಕಿಯ ದನಿ ಕೇಳಿಸಿತು. ‘ಚಿಂತಿ ಮಾಡಬ್ಯಾಡಬೇ. ದೇವದುರ್ಗಕ್ಕ ಹೋಗಾಕ ಟಂಟಂ ಗೊತ್ತ ಮಾಡೀವಿ.’